ಇಬ್ಬರೇ ಕೂರುವ ಕಾರು

ನಮ್ಮ ಮನೆಯಲ್ಲಿ ಒಂದು ಕಾಲಕ್ಕೆ ಸ್ಪೋರ್ಟ್ಸ್ ಕಾರು ಇತ್ತು ಅಂದರೆ ಈಗಿನವರು ನನ್ನ ಮುಖ ನೋಡಿ ನಗುತ್ತಾರೆ. ಕಾಮಸಮುದ್ರದ ಪಕ್ಕದ ಹಳ್ಳಿ, ಮಣ್ಣಿನ ಗೋಡೆಯ ಮನೆ, ಹಿತ್ತಲಲ್ಲಿ ಎರಡು ಹಸು, ಅಂಥ ಮನೆಗೆ ಸ್ಪೋರ್ಟ್ಸ್ ಕಾರೇ ಅಂತ. ನಗಲಿ ಬಿಡಿ. ಅವರು ನೋಡಿರುವುದು ಸಿನಿಮಾದಲ್ಲಿ ಹೀರೋ ಓಡಿಸುವ ಕಾರು. ನಮ್ಮದರಲ್ಲಿ ಹಾಲಿನ ಕ್ಯಾನು ಹೋಗುತ್ತಿತ್ತು, ಮಿಲ್ಲಿಗೆ ರಾಗಿ ಹೋಗುತ್ತಿತ್ತು. ಒಂದು ಸಲ ಕಾಲು ಮುರಿದುಕೊಂಡ ಕರು ನನ್ನ ತೊಡೆಯ ಮೇಲೆ ಮಲಗಿ ಬಂಗಾರಪೇಟೆಯ ದನದ ಆಸ್ಪತ್ರೆಗೆ ಹೋಗಿಬಂತು.

ಎಪ್ಪತ್ತರ ದಶಕದಲ್ಲಿ ಅದನ್ನು ತಂದವನು ನನ್ನ ಗಂಡ. ಅವನು ನನಗೆ ಸೋದರಮಾವ, ನಮ್ಮಮ್ಮನ ಕೊನೆಯ ತಮ್ಮ. ನಮ್ಮ ಕಡೆ ಅಕ್ಕನ ಮಗಳನ್ನು ಮದುವೆಯಾಗುವುದು ಹೊಸದೇನಲ್ಲ. ಹಾಗಾಗಿ ನನ್ನ ಅತ್ತೆ ನನಗೆ ಅಜ್ಜಿಯೇ, ಗಂಡನನ್ನು ನಾನು ಕೊನೆಯವರೆಗೂ ಕರೆದದ್ದು ಮಾವ ಅಂತಲೇ. ಮಾವ ಚಿನ್ನದ ಗಣಿಯಲ್ಲಿ, ನೆಲದಡಿ ಬಂಡೆಗೆ ಡ್ರಿಲ್ ಹಾಕುವ ಕೆಲಸದಲ್ಲಿದ್ದ. ಗಣಿಯ ಸಾಹೇಬರಿದ್ದ ಕೋರಮಂಡಲ್ ಬಡಾವಣೆಯ ಒಂದು ಬಂಗಲೆಯ ಶೆಡ್ಡಿನಲ್ಲಿ, ತನ್ನ ದೇಶಕ್ಕೆ ವಾಪಸು ಹೋದ ಯಾವುದೋ ಬಿಳಿ ದೊರೆಯ ಕಾರು ಕೋಳಿಗಳಿಗೆ ಗೂಡಾಗಿ ನಿಂತಿತ್ತು. ಇದ್ದದ್ದೇ ಎರಡು ಸೀಟು, ಮೇಲೆ ಮಡಚುವ ಕ್ಯಾನ್ವಾಸು, ನೆಲಕ್ಕೆ ಅಂಟಿಕೊಂಡಷ್ಟು ತಗ್ಗು. ಮಾವ ಉಳುವ ಜೋಡೆತ್ತು ಮಾರಿ ಅದನ್ನು ತಂದ. ಅಜ್ಜಿ ಬಾಗಿಲಲ್ಲೇ ನಿಂತು, "ಜೋಡೆತ್ತು ಮಾರಿ ಜೋಡಿ ಕುರ್ಚಿ ತಂದವ್ನೆ. ನಾಳೆಯಿಂದ ಇದ್ನೇ ನೇಗ್ಲಿಗೆ ಕಟ್ಟು ಕಣ್ಲಾ," ಅಂದಳು.

ನೇಗಿಲಿಗೆ ಕಟ್ಟುವುದೊಂದು ಬಿಟ್ಟು ಮಾವ ಅದರಲ್ಲಿ ಎಲ್ಲಾ ಕೆಲಸ ಮಾಡಿದ. ಬೆಳಿಗ್ಗೆ ಶಿಫ್ಟಿಗೆ ಹೋಗುವಾಗ ನನ್ನ ಸೀಟಿನಲ್ಲಿ ಹಾಲಿನ ಕ್ಯಾನು ಕೂರಿಸಿ ಟವಲ್ಲಿನಿಂದ ಕಟ್ಟುತ್ತಿದ್ದ. ಬರುವಾಗ ಹಿಂಡಿ ಮೂಟೆ. ಎತ್ತಿನಗಾಡಿಯ ಜಾಡಿನಲ್ಲಿ ನಡುವಿನ ದಿಬ್ಬ ಕಾರಿನ ಹೊಟ್ಟೆಗೆ ತಾಗುತ್ತಿದ್ದುದರಿಂದ ಒಂದು ಚಕ್ರ ದಿಬ್ಬದ ಮೇಲೆ, ಒಂದು ಚಕ್ರ ಹೊಲದ ಬದುವಿನ ಮೇಲೆ ಇಟ್ಟು ವಾರೆಯಾಗಿ ಓಡಿಸುತ್ತಿದ್ದ. ಮಗಳು ಹುಟ್ಟಿದ ಮೇಲೆ ಸೀಟಿನ ಹಿಂದಿನ ಸಂದಿಯಲ್ಲಿ ಅವಳನ್ನು ಕೂರಿಸುತ್ತಿದ್ದೆವು. ಅವಳು ಆ ಸಂದಿಗೆ ಹಿಡಿಸದಷ್ಟು ಬೆಳೆದಾಗ ಓದಲು ಮುಳಬಾಗಿಲಿಗೆ, ನಮ್ಮಮ್ಮನ ಮನೆಗೆ ಕಳಿಸಿದೆವು.

ಮಾವ ಭಂಡ ಧೈರ್ಯದವನು. ಆದರೆ ಒಂದು ವಿಷಯಕ್ಕೆ ಹೆದರುತ್ತಿದ್ದ. ನಮ್ಮೂರಿನಲ್ಲಿ ಹೊರಗೆ ಸತ್ತವರನ್ನು ಊರೊಳಗೆ ತರುವುದಿಲ್ಲ. ಗಡಿಯಾಚೆಯ ಹುಣಸೆಮರದ ಕೆಳಗೆ ಇಳಿಸುತ್ತಾರೆ. ನೀರು ಹಾಕುವುದು, ಬಟ್ಟೆ ಹೊದಿಸುವುದು, ಅಳುವುದು, ಎಲ್ಲಾ ಅಲ್ಲೇ ಮುಗಿಯಬೇಕು. ತಾತ, ಅಂದರೆ ಮಾವನ ಅಪ್ಪ, ಗಣಿಯೊಳಗೆ ಬಂಡೆ ಸಿಡಿದು ಸತ್ತಾಗ ನಾನು ಚಿಕ್ಕವಳು. ಮಾವನಿಗೆ ಆಗಿನ್ನೂ ಮೀಸೆ ಮೂಡುತ್ತಿತ್ತು. ತಾತನ ಸ್ವಂತ ಅಣ್ಣನೇ ಊರಿನ ಯಜಮಾನ. ನಾವು ಅವರನ್ನು ದೊಡ್ಡ ತಾತ ಅನ್ನುತ್ತಿದ್ದೆವು. ಅಜ್ಜಿ ಅವರ ಕಾಲಿಗೆ ಬಿದ್ದು, "ಅವ್ರೇ ಕಟ್ಟಿದ್ ಮನೆ, ಒಂದ್ ಗಳಿಗೆ ಒಳಿಕ್ ಕರ್ಕೊಂಬತ್ತೀನಿ," ಅಂತ ಬೇಡಿದಳು. ದೊಡ್ಡ ತಾತ, "ಜೀವ ಒರ್ಗಡೆ ಓಯ್ತು. ಒಳಿಕ್ ತಂದ್ರೆ ಊರಿಗಾಗಲ್ಲ. ನನ್ ತಮ್ಮ ಆದ್ರೇನು, ಯಾರಾದ್ರೇನು," ಅಂದರು. ಅವರ ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಅವತ್ತು ಜಿಟಿಜಿಟಿ ಮಳೆ. ಮಾವ ಅಪ್ಪನ ಮುಖ ನೆನೆಯದಂತೆ ಒಂದು ಗೋಣಿತಾಟು ಅಗಲಿಸಿ ಹಿಡಿದುಕೊಂಡು ಎಲ್ಲಾ ಮುಗಿಯುವವರೆಗೂ ನಿಂತೇ ಇದ್ದ.

ಅವತ್ತಿನಿಂದ ಅವನದು ಒಂದೇ ಮಾತು. "ನಾನ್ ಸಾಯೋದು ನಮ್ಮನೇ ನಡುಮನೇಲಿ. ಮರದ್ ಕೆಳ್ಗಲ್ಲ."

ಎಂಬತ್ತರ ದಶಕದಲ್ಲಿ ಅವನಿಗೆ ಕೆಮ್ಮು ಹಿಡಿಯಿತು. ಬರೀ ಕೆಮ್ಮಲ್ಲ, ಕಲ್ಲಿನ ಧೂಳು ಎದೆಯಲ್ಲಿ ಕೂತಿತ್ತು. ಗಣಿಯ ಕೆಲಸ ಬಿಡಿಸಿದರು. ಮೊದಲು ಹೊಲಕ್ಕೆ ನಡೆಯಲಾಗದೆ ಹೋಯಿತು, ಆಮೇಲೆ ಹಿತ್ತಲಿಗೆ, ಆಮೇಲೆ ಮಂಚದಿಂದ ಬಾಗಿಲಿಗೆ. ಗಣಿಯ ಆಸ್ಪತ್ರೆಯ ಡಾಕ್ಟರು ಒಳ್ಳೆಯವರು, ಅಡ್ಮಿಟ್ ಆಗು ಅಂತ ಗೋಗರೆದರು. ಮಾವ ಒಪ್ಪಲಿಲ್ಲ. ಅಡ್ಮಿಟ್ ಆದವರು ಎಷ್ಟು ಜನ ವಾಪಸು ಬಂದಿದ್ದಾರೆ, ಎಷ್ಟು ಜನ ಹುಣಸೆಮರದ ಕೆಳಗೆ ಇಳಿದಿದ್ದಾರೆ ಅಂತ ಅವನಿಗೆ ಗೊತ್ತಿತ್ತು. ಹಾಗಾಗಿ ದಿನಾ ಹೋಗುವುದು, ಇಂಜೆಕ್ಷನ್ ತಗೊಂಡು, ಮೂಗಿಗೆ ಆಕ್ಸಿಜನ್ ಇಟ್ಟುಕೊಂಡು ಸ್ವಲ್ಪ ಹೊತ್ತು ಮಲಗಿ, ಹೊತ್ತು ಮುಳುಗುವುದರೊಳಗೆ ಮನೆಗೆ ಬರುವುದು. ಬಸ್ಸಿನ ನೂಕಾಟ ಅವನಿಗೆ ಆಗುತ್ತಿರಲಿಲ್ಲ. ಉಳಿದದ್ದು ಆ ಕಾರು.

ಸ್ಟೇರಿಂಗ್ ತಿರುಗಿಸಲು ಅವನ ಕೈಯಲ್ಲಿ ಶಕ್ತಿ ಸಾಲದೆ ಹೋದಾಗ ನನಗೆ ಕಲಿಸಿದ. ನೀರು ಬತ್ತಿದ ಕೆರೆಯಂಗಳದಲ್ಲಿ ಪಾಠ. ನಾನು ಗೇರು ಎಳೆದರೆ ಕಾರು ಕಿರುಚುತ್ತಿತ್ತು. "ಮುದ್ದೆ ತಿರುವಿದಂಗೆ ತಿರುವ್ಬೇಡ್ವೇ. ಅದು ಗೇರು, ಇಟ್ಟಿನ್ ಕೋಲಲ್ಲ," ಅನ್ನುತ್ತಿದ್ದ. ಅಷ್ಟು ಹೇಳುವುದಕ್ಕೆ ನಡುವೆ ಎರಡು ಸಲ ಉಸಿರು ತಗೊಳ್ಳಬೇಕಿತ್ತು. ನನಗೂ ರೇಗುತ್ತಿತ್ತು. "ನಿನಗೆ ಉಸ್ರಿಲ್ದೇ ಓದ್ರೂ ಕೊಂಕಿಗೇನೂ ಕಮ್ಮಿಯಿಲ್ಲ," ಅಂದುಬಿಡುತ್ತಿದ್ದೆ. ಅವನು ನಗುತ್ತಿದ್ದ. ನಕ್ಕರೆ ಕೆಮ್ಮು ಬರುತ್ತಿತ್ತು, ಕೆಮ್ಮಿದರೆ ಪಾಠ ನಿಲ್ಲುತ್ತಿತ್ತು.

ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಾನು ಕಾರು ಓಡಿಸುವುದನ್ನು ನೋಡಲು ಮೊದಮೊದಲು ಜನ ಹೊಲದಿಂದ ಎದ್ದು ಬರುತ್ತಿದ್ದರು. ನೀರಿಗೆ ಬಂದ ಹೆಂಗಸರು ಗಂಡನ ಬಲಕ್ಕೆ ಕೂತವಳೆ ನೋಡ್ರೇ ಅಂತ ಆಡಿಕೊಂಡರು. ಮಾವ ಅವರಿಗೆ, "ಬ್ರೇಕು ಆ ಕಡೆ ಐತಲ್ರಮ್ಮ," ಅಂದ. ಆಸ್ಪತ್ರೆಯ ದಾರಿಯ ಆಂಡರ್ಸನ್‌ಪೇಟೆಯಲ್ಲಿ ಹೂ ಮಾರುವ ತಮಿಳು ಹೆಂಗಸು ಮಾತ್ರ ದಿನಾ ಕೈಯೆತ್ತಿ, "ಅಕ್ಕಾ, ಐಯ್ಯಾ ಎಪ್ಪಡಿ ಇರುಕ್ಕಾರು?" ಅಂತ ವಿಚಾರಿಸುತ್ತಿದ್ದಳು. ಹೇಗಿದ್ದಾರೆ ಅಂತ. ನಾನು, "ನಲ್ಲಾ ಇರುಕ್ಕಾರು," ಅನ್ನುತ್ತಿದ್ದೆ. ಚೆನ್ನಾಗಿದ್ದಾರೆ ಅಂತ ದಿನಾ ಅದೇ ಸುಳ್ಳು ಹೇಳಿ ಗೇರು ಬದಲಿಸುತ್ತಿದ್ದೆ.

ಆ ದಾರಿಯಲ್ಲಿ ಗಣಿಯ ಮಣ್ಣು ಸುರಿದು ಸುರಿದು ಬೆಟ್ಟವಾದ ಬಿಳಿ ದಿಬ್ಬಗಳಿವೆ. ಗಾಳಿ ಎದ್ದರೆ ಅದರ ಪುಡಿ ನಮ್ಮ ಮುಖಕ್ಕೇ ಬರುತ್ತಿತ್ತು. ನಾನು ಕಾರು ನಿಲ್ಲಿಸಿ ಕ್ಯಾನ್ವಾಸು ಎಳೆಯಲು ಹೋದರೆ ಮಾವ ಬಿಡುತ್ತಿರಲಿಲ್ಲ. "ಮುಚ್ಬೇಡ. ಒಳ್ಗಡೆ ಇಳಿದಂಗಾಗ್ತೈತೆ," ಅನ್ನುತ್ತಿದ್ದ. ಬದುಕಿನ ಅರ್ಧ ಕಾಲ ತಲೆಯ ಮೇಲೆ ಬಂಡೆ ಇಟ್ಟುಕೊಂಡು ದುಡಿದವನಿಗೆ ಆಕಾಶ ಬೇಕಾಗಿತ್ತು. ನಾನು ನನ್ನ ಹಳೇ ಸೀರೆಯ ತುಂಡು ಒದ್ದೆ ಮಾಡಿ ಅವನ ಮೂಗು ಬಾಯಿಗೆ ಕಟ್ಟುತ್ತಿದ್ದೆ. ನನಗೆ ಆಗ ಕಂಡಕಂಡದ್ದರ ಮೇಲೆಲ್ಲಾ ಸಿಟ್ಟು. ಗಣಿಯ ಮೇಲೆ, ಗಾಳಿಯ ಮೇಲೆ, ಎಲ್ಲಕ್ಕಿಂತ ಹೆಚ್ಚು ಆ ಹುಣಸೆಮರದ ಮೇಲೆ. ದಿನಾ ಎರಡು ಸಲ ಅದರ ಪಕ್ಕದಲ್ಲೇ ಹಾದುಹೋಗಬೇಕಿತ್ತು. ಮಾವ ಆ ಜಾಗ ಬಂದಾಗ ಮುಖ ಬೇರೆ ಕಡೆ ತಿರುಗಿಸುತ್ತಿದ್ದ.

ಒಂದು ದಿನ ದೊಡ್ಡ ತಾತ ಕೋಲೂರಿಕೊಂಡು ಬಂದು, "ನಾನೂ ಒಂದ್ಸಲ ಆಸ್ಪತ್ರೆಗೆ ಬತ್ತೀನಮ್ಮ," ಅಂದರು. ಆಗಲೇ ತುಂಬಾ ಮುದುಕರಾಗಿದ್ದರು. "ಎಲ್ ಕೂರುಸ್ಲಿ ತಾತ," ಅಂದೆ. ಕಾರಿನೊಳಗೆ ಇಣುಕಿ ನೋಡಿ, ಮಾವನ ಭುಜ ಮುಟ್ಟಿ, ಹಿಂದಕ್ಕೆ ಹೋದರು.

ರಾಗಿ ತೆನೆ ಕಟ್ಟುವ ಕಾಲ. ಅವತ್ತು ಡಾಕ್ಟರು ನನ್ನನ್ನು ವರಾಂಡಕ್ಕೆ ಕರೆದು, "ಇವತ್ತು ಕರ್ಕೊಂಡು ಹೋಗಬೇಡಮ್ಮ. ಇಲ್ಲೇ ಇದ್ದರೆ ಒಂದೆರಡು ದಿನ ಉಸಿರು ಉಳಿಸಬಹುದು. ದಾರಿಯಲ್ಲಿ ಏನು ಬೇಕಾದರೂ ಆಗಬಹುದು," ಅಂದರು. ಒಳಗೆ ಬಂದೆ. ಮಾವನಿಗೆ ಮಾತಾಡಲು ಆಗುತ್ತಿರಲಿಲ್ಲ. ನನ್ನ ಮುಖ ನೋಡಿದ, ಆಮೇಲೆ ಕಿಟಕಿ ನೋಡಿದ. ಒಂದೆರಡು ದಿನ ಅವನು ನನ್ನ ಕಣ್ಣ ಮುಂದೆ ಇರುವುದೋ, ಅವನ ಮಾತು ನಡೆಸುವುದೋ. ಇನ್ನೆರಡು ದಿನ ಬೇಕಾಗಿತ್ತು ನನಗೆ. ದೇವರಾಣೆ ಬೇಕಾಗಿತ್ತು. ಮೂಗಿನ ಕೊಳವೆ ತೆಗೆಸಿ ಅವನನ್ನು ಎತ್ತಿಕೊಂಡೆ. ಮಗುವಿನಷ್ಟು ಹಗುರವಾಗಿದ್ದ.

ಕಾರು ಹತ್ತಿದ ಮೇಲೆ ಗೇರು ಹಿಡಿದ ನನ್ನ ಕೈಯ ಮೇಲೆ ಅವನ ಕೈಯಿಟ್ಟ. "ಜೋರಾಗ್ ಓಡ್ಸು," ಅಂದ. ನಾನು ಯಾವತ್ತೂ ಹಾಗೆ ಓಡಿಸಿರಲಿಲ್ಲ. ಆ ಹಳೇ ಕಾರಿಗೆ ಅಷ್ಟು ಶಕ್ತಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಕಾಮಸಮುದ್ರ ದಾಟಿದೆವು. ನಮ್ಮೂರಿನ ಮಣ್ಣುದಾರಿಗೆ ತಿರುಗಲು ಗೇರು ಬದಲಿಸಿದಾಗ ಅವನ ಕೈ ಜಾರಿ ಕೆಳಗೆ ಬಿತ್ತು.

ನಿಲ್ಲಿಸಿದೆ. ಮೂಗಿನ ಹತ್ತಿರ ಬೆರಳಿಟ್ಟೆ, ಎದೆಗೆ ಕಿವಿ ಇಟ್ಟೆ. ಸುತ್ತ ರಾಗಿ ಹೊಲ, ಒಂದು ನರಪಿಳ್ಳೆ ಇಲ್ಲ. ನನಗೆ ಅಳು ಬರಲಿಲ್ಲ, ಕೋಪ ಬಂತು. "ಇಷ್ಟ್ ದೂರ ಬಂದು ಇಲ್ ಬುಟ್ಟೋಗ್ತೀಯಾ? ಮನೆ ಅಗೋ ಅಲ್ ಕಾಣ್ತೈತೆ. ಇನ್ನೊಂದ್ ಚೂರು ತಡ್ಕೊಳಕ್ ಆಗ್ಲಿಲ್ವಾ ನಿನಗೆ," ಅಂತ ಅವನನ್ನು ಬೈದೆ. ಬೈಯುತ್ತಲೇ ಶಾಲು ಹೊದಿಸಿ ಸೀಟಿಗೆ ಬಿಗಿದು ಕಟ್ಟಿದೆ, ಮಂಕಿ ಟೋಪಿ ಹುಬ್ಬಿನವರೆಗೂ ಎಳೆದೆ, ತಲೆಯನ್ನು ನನ್ನ ಭುಜಕ್ಕೆ ಒರಗಿಸಿಕೊಂಡೆ. ಹುಣಸೆಮರ ಬಂತು. ನಾನು ಬ್ರೇಕು ಮುಟ್ಟಲಿಲ್ಲ.

ಊರ ಬಾಗಿಲಿನ ಅರಳಿಕಟ್ಟೆಯ ಮೇಲೆ ದೊಡ್ಡ ತಾತ ಕೂತಿದ್ದರು, ಜೊತೆಗೆ ನಾಲ್ಕಾರು ಜನ. "ಎಂಗವ್ನಮ್ಮ?" ಅಂದರು.

"ನಿದ್ದೆ ಅತ್ತೈತೆ ತಾತ," ಅಂದೆ.

ಮನೆಯ ಮುಂದೆ ನಿಲ್ಲಿಸಿ, ದಿನಾ ಎತ್ತಿಕೊಳ್ಳುವ ಹಾಗೇ ಎತ್ತಿಕೊಂಡೆ. ಹೊಸಿಲಲ್ಲಿ ಅಜ್ಜಿ, "ಬಂದ್ಯಾ ಮಗಾ," ಅಂದಳು. ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿ, "ನೀರ್ ಬಿಡಜ್ಜಿ, ಬಾಯಾರೈತೆ," ಅಂದೆ. ಅಜ್ಜಿ ಒಂದು ಚಮಚ ನೀರು ಬಿಟ್ಟಳು. ನೀರು ಕಟಬಾಯಿಂದ ಇಳಿದು ಚಾಪೆಗೆ ಹೋಯಿತು. ಅಜ್ಜಿ ನನ್ನ ಮುಖ ನೋಡಿದಳು. ಸೆರಗಿನಿಂದ ಅವನ ಬಾಯಿ ಒರೆಸಿ, ಇನ್ನೊಂದು ಚಮಚ ಬಿಟ್ಟು, ಆಮೇಲೆ ಗೋಳೋ ಅಂತ ಅಳಲು ಶುರುಮಾಡಿದಳು.

ಅಳು ಕೇಳಿ ಕಟ್ಟೆಯ ಮೇಲಿದ್ದವರೆಲ್ಲಾ ಬಂದರು. ದೊಡ್ಡ ತಾತನಿಗೆ ದಾರಿ ಬಿಟ್ಟರು. ಅವರು ಮಾವನ ಕಾಲ ಹತ್ತಿರ ಕೂತು ಎರಡೂ ಪಾದಗಳನ್ನು ಕೈಯಲ್ಲಿ ಹಿಡಿದುಕೊಂಡರು. ಪಾದಗಳು ಎಷ್ಟು ತಣ್ಣಗಿದ್ದವು ಅಂತ ನನಗೆ ಗೊತ್ತಿತ್ತು, ಎತ್ತಿಕೊಂಡು ಬಂದವಳು ನಾನು. ಅವರು ಬಿಡಲಿಲ್ಲ. ಹಿಡಿದೇ ಇದ್ದರು. ನಾನು ಗೋಡೆಗೆ ಒತ್ತಿಕೊಂಡು ನಿಂತಿದ್ದೆ. ಈ ಮುದುಕರು ಬಾಯಿಬಿಟ್ಟರೆ ಅವನನ್ನು ಮತ್ತೆ ಎತ್ತಿ ಹೊರಗೆ ಒಯ್ಯುತ್ತಾರೆ. ಹಾಗೇನಾದರೂ ಆದರೆ ಹೊಸಿಲಿಗೆ ಅಡ್ಡ ಮಲಗಿಬಿಡುತ್ತೇನೆ, ನನ್ನನ್ನು ತುಳಿದುಕೊಂಡು ಹೋಗಲಿ ಅಂದುಕೊಂಡಿದ್ದೆ.

ಹಿಂದಿನಿಂದ ಯಾರೋ, "ಯಾವಾಗ್ ಓಯ್ತು ತಾತ ಜೀವ?" ಅಂತ ಕೇಳಿದರು.

ದೊಡ್ಡ ತಾತ ತಲೆ ಎತ್ತದೆ ಹೇಳಿದರು. "ಈಗ. ನಾನ್ ಬಂದ್ಮೇಲೆ. ನನ್ ಕೈಯಾಗೇ ಓಯ್ತು."