ಅವ್ವನ ಹವಳದ ಸರ

ನನ್ನ ಮಗಳ ಮದುವೆಗೆ ಎಲ್ಲರಿಗಿಂತ ಮೊದಲು ಬಂದವಳು ನೈಜೀರಿಯಾದ ಹುಡುಗಿ. ಮೈಸೂರಿನಲ್ಲಿ ಅವಳೂ ನನ್ನ ಮಗಳೂ ಒಟ್ಟಿಗೆ ಫಾರ್ಮಸಿ ಓದಿದವರು. ಬೇಲೂರಿನ ನಮ್ಮ ಮನೆಗೆ ಆಟೋದಲ್ಲಿ ಬಂದು ಇಳಿದಾಗ ಅವಳ ಕೊರಳಲ್ಲಿ ಎರಡೆಳೆ ಹವಳದ ಸರವಿತ್ತು. ಬಾಣಾವರದಿಂದ ಬಂದಿದ್ದ ನನ್ನ ಅವ್ವ ಹುಡುಗಿಯ ಮುಖಕ್ಕಿಂತ ಮೊದಲು ಆ ಸರ ನೋಡಿದಳು. ಒಂದು ಮಣಿಯನ್ನು ಬೆರಳಲ್ಲಿ ಉರುಳಿಸಿ, “ಒಳ್ಳೇ ಹವಳ ಕಣವ್ವ” ಎಂದಳು.

ಅವ್ವನ ಬಳಿಯೂ ಒಂದು ಹವಳದ ಸರ ಇತ್ತು. ಅಪ್ಪ ತೀರಿಕೊಂಡಾಗ, ತಿಥಿಯ ದಿನ, ಅಪ್ಪನ ತಂಗಿ, ಅಂದರೆ ನಮ್ಮ ಸೋದರತ್ತೆ, ಅವ್ವನ ತಾಳಿ ಕರಿಮಣಿಯ ಜೊತೆಗೆ ಅದನ್ನೂ ಬಿಚ್ಚಿಸಿದಳು. ಎಲ್ಲವೂ ಒಂದೇ ಬಟ್ಟೆಯಲ್ಲಿ ಗಂಟಾಗಿ ಟ್ರಂಕಿನ ತಳ ಸೇರಿತು. ಸೋದರತ್ತೆಯನ್ನು ಬೈದು ಪ್ರಯೋಜನವಿಲ್ಲ. ಅವಳ ಗಂಡ ಹೋದಾಗ ತನ್ನ ಕೊರಳನ್ನೂ ಹಾಗೇ ಬೋಳು ಮಾಡಿಕೊಂಡವಳು ಅವಳು. ಆದರೂ ನಾನು ಬೈದಿದ್ದೇನೆ, ಬೇಕಾದಷ್ಟು.

ಮದುವೆಗೆ ಇನ್ನೂ ಕೆಲವು ದಿನ ಇದ್ದುದರಿಂದ ಅವ್ವನನ್ನೂ ಹುಡುಗಿಯರನ್ನೂ ಹಳೇಬೀಡಿಗೆ ಕರೆದುಕೊಂಡು ಹೋದೆ. ದೇವಸ್ಥಾನದ ಹೊರಗೋಡೆಯಲ್ಲಿ, ಕೊರಳ ತುಂಬ ಕಲ್ಲಿನ ಮಣಿಸರ ತೊಟ್ಟ ಒಂದು ದೇವಿಯ ಮುಂದೆ ಗೆಳತಿ ನಿಂತುಬಿಟ್ಟಳು. ಅವಳ ಊರು ನೈಜೀರಿಯಾದ ಬೆನಿನ್, ಹಿಂದೆ ಅದೊಂದು ದೊಡ್ಡ ರಾಜ್ಯದ ರಾಜಧಾನಿ. ಅಲ್ಲಿ ಹವಳ ಎಂದರೆ ಬರೀ ಒಡವೆಯಲ್ಲ, ಪದವಿ. ಹಿಂದೆ ಅರಸನ ಅಪ್ಪಣೆ ಇಲ್ಲದೆ ಅರಮನೆಯ ಹವಳವನ್ನು ಯಾರೂ ತೊಡುವಂತಿರಲಿಲ್ಲವಂತೆ. ಅರಸನನ್ನು ಬಿಟ್ಟರೆ ಅವನ ತಾಯಿಗೇ ದೊಡ್ಡ ಮರ್ಯಾದೆ. ಕೊರಳಿಂದ ಗಲ್ಲದವರೆಗೂ ಹವಳ, ತಲೆಯ ಮೇಲೂ ಹವಳದ್ದೇ ಕಿರೀಟ. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನ್ನ ಮಗಳು ಅಜ್ಜಿಗೆ ಕನ್ನಡದಲ್ಲಿ ಹೇಳುತ್ತಾ ಹೋದಳು.

ಅವ್ವ ಕೇಳಿದಳು, “ಅರಸನ ತಾಯಿ ಅಂದ್ರೆ, ಗಂಡ ಹೋಗಿ ಮಗ ಪಟ್ಟಕ್ಕೆ ಬಂದಿರ್ತಾನೆ ಅಲ್ವಾ?”

“ಹೌದಜ್ಜಿ.”

“ಆಮೇಲೂ ಹಾಕ್ಕಂತಾಳಾ?”

“ಆಮೇಲೇ ಅಜ್ಜಿ ಜಾಸ್ತಿ ಹಾಕ್ಕೊಳ್ಳೋದು.”

ಅವ್ವ ಗೋಡೆಯ ದೇವಿಯತ್ತ ತಿರುಗಿದಳು. “ಈಯಮ್ಮಂಗೂ ಗಂಡ ಇದ್ದಾನಾ ಅಂತ ಯಾರೂ ಕೇಳಾಕಿಲ್ಲ ಬಿಡು” ಎಂದು ಮುಂದೆ ನಡೆದಳು.

ನನಗೆ ಹಟ ಹಿಡಿದದ್ದು ಆಗ. ನನ್ನ ತಮ್ಮನ ಮದುವೆಯನ್ನು ಅವ್ವ ಕಂಬದ ಮರೆಯಲ್ಲಿ, ಹಿಂದಿನ ಸಾಲಿನಲ್ಲಿ ಕೂತು ನೋಡಿದ್ದಳು. ಹೆತ್ತ ಮಗನ ಮದುವೆ ಅದು! ಈ ಸಲ ಮೊಮ್ಮಗಳ ಧಾರೆಗೆ ಹವಳ ತೊಟ್ಟು ಮಂಟಪದ ಪಕ್ಕದಲ್ಲೇ ನಿಲ್ಲಬೇಕು ಎಂದೆ.

“ನಾಲ್ಕ್ ಜನ ಏನಂತಾರೆ?” ಎಂದಳು ಅವ್ವ.

“ಆ ನಾಲ್ಕ್ ಜನಕ್ಕೆ ಊಟ ಹಾಕ್ತಿರೋಳು ನಾನು. ಅನ್ನೋದಿದ್ರೆ ನನಗೆ ಅನ್ಲಿ.”

ಅವ್ವ ಒಪ್ಪಲಿಲ್ಲ. ಆದರೆ ಆ ಗಂಟನ್ನು ತನ್ನ ಚೀಲದಲ್ಲೇ ತಂದಿದ್ದಳು, ಸರವನ್ನು ಮೊಮ್ಮಗಳಿಗೆ ಕೊಡಲೆಂದು. ದಾರ ಲಡ್ಡಾಗಿ, ಮುಟ್ಟಿದರೆ ಹರಿಯುವಂತಿತ್ತು. ಮರುದಿನ ಮಧ್ಯಾಹ್ನ ನಡುಮನೆಯಲ್ಲಿ ತಟ್ಟೆಗೆ ಮಣಿ ಸುರಿದುಕೊಂಡು ಅವ್ವನೂ ಆ ಹುಡುಗಿಯೂ ಹೊಸ ದಾರಕ್ಕೆ ಪೋಣಿಸಿದರು. ಒಬ್ಬರ ಮಾತು ಒಬ್ಬರಿಗೆ ಬಾರದು. ಆದರೂ ನಗು ಅಡಿಗೆಮನೆಯವರೆಗೂ ಕೇಳುತ್ತಿತ್ತು. ಕೊನೆಯ ಗಂಟು ಹಾಕಿ ಹುಡುಗಿ ಸರವನ್ನು ಅವ್ವನ ಕೊರಳಿಗೆ ಹಿಡಿದು ನೋಡಿದಳು. ಅವ್ವ ಕೈ ತಳ್ಳಲಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡಿದೆ, ಮಾತಾಡಿ ಕೆಡಿಸಲಿಲ್ಲ.

ಮದುವೆಯ ಬೆಳಿಗ್ಗೆ ಛತ್ರದ ಕೋಣೆಯಿಂದ ಅವ್ವ ಹೊರಗೆ ಬಂದಳು. ಹಸಿರು ರೇಷ್ಮೆ ಸೀರೆ, ಬಿಳಿ ತಲೆ, ಕೊರಳಲ್ಲಿ ಹವಳ. ವಾಲಗದವರು ಊದುತ್ತಲೇ ಇದ್ದರು, ಹೆಂಗಸರು ಮಾತ್ರ ಒಟ್ಟಿಗೆ ಇತ್ತ ತಿರುಗಿದರು. ಸೋದರತ್ತೆ ಎದುರಿಗೇ ಬಂದಳು.

“ಅತ್ಗೆ, ಇದೇನಿದು ಕೊಳ್ಳಾಗೆ? ನಮ್ಮಣ್ಣ ಹೋದ್ಮೇಲೂ?”

ಜಗಳಕ್ಕೆ ಸೆರಗು ಸಿಕ್ಕಿಸಿಕೊಂಡು ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವನೇ ಹೇಳಿದಳು:

“ನಿಮ್ಮಣ್ಣ ಕಟ್ಟಿದ್ದನ್ನ ನಿಮ್ಮಣ್ಣನ ಜೊತೇಲೇ ಬಿಟ್ಟೆ ಕಣೇ. ಇದು ನಮ್ಮಪ್ಪ ಹಾಕಿದ್ದು. ನಿಮ್ಮಣ್ಣನ ಮುಖ ನೋಡೋಕ್ ಮುಂಚೇನೇ ನನ್ ಕೊಳ್ಳಾಗಿತ್ತು.”

ಇಷ್ಟು ವರ್ಷ ಇದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಇಷ್ಟೆಲ್ಲ ಹಾರಾಡಿದ ನನಗೂ ಹೊಳೆದಿರಲಿಲ್ಲ. ಮಾತು ಅರ್ಥವಾಗದಿದ್ದರೂ ನೋಡುತ್ತ ನಿಂತಿದ್ದ ಗೆಳತಿ ಮುಂದೆ ಬಂದು, ತಮ್ಮೂರಿನಲ್ಲಿ ಹಿರಿಯರಿಗೆ ಮಾಡುವಂತೆ, ಎಲ್ಲರೆದುರಿಗೆ ಅವ್ವನ ಮುಂದೆ ಮಂಡಿಯೂರಿದಳು. ಅವ್ವ ಅವಳ ತಲೆ ಮುಟ್ಟಿ, ನೆಟ್ಟಗೆ ಮಂಟಪಕ್ಕೆ ನಡೆದಳು. ಧಾರೆಯ ಹೊತ್ತಿಗೆ ಮೊಮ್ಮಗಳ ಪಕ್ಕದಲ್ಲೇ ಇದ್ದಳು. ನಾನು ಮೂಗು ಒರೆಸಿಕೊಳ್ಳುತ್ತ ಅಕ್ಷತೆಯನ್ನು ಗಂಡಿನ ಬದಲು ಪುರೋಹಿತರ ತಲೆಗೆ ಹಾಕಿದೆನಂತೆ.

ಊಟದ ಪಂಕ್ತಿಯಲ್ಲಿ ಸೋದರತ್ತೆ ಬಂದು ಅವ್ವನ ಪಕ್ಕ ಕೂತಳು. ಪಾಯಸ ಮುಗಿದ ಮೇಲೆ ಎಲೆ ನೋಡುತ್ತಲೇ ಮೆಲ್ಲಗೆ, “ಅತ್ಗೆ, ನಂದೂ ಒಂದ್ ಸರ ಪೆಟ್ಟಿಗೇಲೈತೆ. ನಮ್ಮಪ್ಪ ಹಾಕಿದ್ದೇಯ” ಎಂದಳು.

“ತಗಂಬಾ. ದಾರ ನಂತಾವ ಐತೆ” ಎಂದಳು ಅವ್ವ.

ಬೀಗರ ಔತಣದಲ್ಲಿ ಮುಂದಿನ ಸಾಲಿನ ಎರಡು ಕುರ್ಚಿಗಳಲ್ಲಿ ಅವರಿಬ್ಬರೇ. ಸೋದರತ್ತೆಯ ಹವಳ ಅವ್ವನದಕ್ಕಿಂತ ದಪ್ಪ. ಅದನ್ನು ಕೇಳಿದವರಿಗೂ ಕೇಳದವರಿಗೂ ಅವಳೇ ಹೇಳಿಕೊಂಡು ಓಡಾಡಿದಳು.