ಮರಳುಗಾಡಿನಲ್ಲಿ ಬೀಸುಬಲೆ

ರಿಯಾದಿನ ಮಲಾಜ್‌ನಲ್ಲಿ ನಾವು ಮೂವರಿದ್ದ ಕೋಣೆಯ ಗೋಡೆಗೆ ಒಂದು ಬೀಸುಬಲೆ ನೇತುಹಾಕಿತ್ತು. ಸಮುದ್ರ ಅಲ್ಲಿಂದ ಅರ್ಧ ದಿನದ ದಾರಿ. ಬಲೆ ನಮ್ಮ ಡ್ರೈವರ್ ಗೆಳೆಯನದು. ಉಳ್ಳಾಲದ ಕಡೆ ಅಳಿವೆಯಲ್ಲಿ ಮೀನು ಹಿಡಿದು ಬೆಳೆದವ, ಊರು ನೆನಪಾದಾಗಲೆಲ್ಲ ನೈಲಾನ್ ದಾರ ಹಿಡಿದು ಹೆಣೆಯಲು ಕೂರುತ್ತಿದ್ದ. ಸೀಸದ ಗುಂಡು ಸಿಗದೆ ಅಂಚಿಗೆ ಗ್ಯಾರೇಜಿನ ಹಳೇ ನಟ್ಟುಗಳನ್ನು ಕಟ್ಟಿದ್ದ. ಬಕೆಟ್ಟಿನಲ್ಲಿ ನಾಲ್ಕು ಮೀನು ಬಿಡಲೇ ಎಂದು ನಾನು ಕೇಳಿದರೆ ನಗುತ್ತಿದ್ದ.

ಆ ಚಳಿಗಾಲ ಮುಗಿಯುವ ಹೊತ್ತಿಗೆ ಅವನ ನಗು ನಿಂತುಹೋಗಿತ್ತು. ಅವನು ಬಂದ ಮೇಲೆ ಹುಟ್ಟಿದ ಮಗಳು ಊರಲ್ಲಿ ನಡೆಯಲು ಕಲಿತಿದ್ದಳು. ಕರಾರು ಮುಗಿದಿತ್ತು, ಆದರೆ ಪಾಸ್‌ಪೋರ್ಟ್ ಕಫೀಲನ, ಅಂದರೆ ವೀಸಾ ಕೊಟ್ಟು ಕರೆಸಿಕೊಂಡ ಯಜಮಾನನ ಕಪಾಟಿನಲ್ಲಿ. ಆ ಯಜಮಾನನ ಸಹಿ ಇಲ್ಲದೆ ದೇಶ ಬಿಡುವಂತಿಲ್ಲ. ರಜೆಗೆ ಸಹಿ ಕೇಳಿದರೆ ಮುದುಕ ಪ್ರೀತಿಯಿಂದ ಬೆನ್ನು ತಟ್ಟಿ ನಾಳೆ ನೋಡೋಣ ಎನ್ನುತ್ತಿದ್ದ. ಮನುಷ್ಯ ಒಳ್ಳೆಯವನು, ತೊಂದರೆ ಅದೇ. ಕೆಟ್ಟವನಾಗಿದ್ದರೆ ಇವನು ಕೋಣೆಗೆ ಬಂದು ಬಾಯಿ ತುಂಬ ಬೈದು ಹಗುರಾಗಬಹುದಿತ್ತು.

ಉಪಾಯ ಹೇಳಿದ್ದು ನಮ್ಮ ಮೂರನೆಯವ, ಬಟ್ಟೆ ಅಂಗಡಿಯಲ್ಲಿದ್ದ ಭಟ್ಕಳದವ. ಜಗತ್ತನ್ನೇ ಅರೆದು ಕುಡಿದವನಂತೆ ಮಾತಾಡುತ್ತಿದ್ದ. ಕಫೀಲನಿಗೆ ದಬ್ ಎಂದರೆ ಪ್ರಾಣವಂತೆ. ದಬ್ ಎಂದರೆ ಮರಳುಗಾಡಿನ ಬಿಲದಲ್ಲಿರುವ, ನಮ್ಮ ಉಡದ ತಮ್ಮನಂಥ ಪ್ರಾಣಿ. ಬಾಲ ಹಲಸಿನಕಾಯಿ ಸಿಪ್ಪೆಯ ಹಾಗೆ ಮುಳ್ಳುಮುಳ್ಳು. ಚಳಿ ಕಳೆದು ಅದು ಹೊರಗೆ ಬರುವ ಕಾಲ ಅಲ್ಲಿಯ ಹಳಬರಿಗೆ ಬೇಟೆಯ, ಬಾಡೂಟದ ಹಬ್ಬ. ಮಂಡಿನೋವಿನಿಂದ ಮುದುಕ ಬೇಟೆ ಬಿಟ್ಟಿದ್ದ, ಮಕ್ಕಳು ಏಸಿ ಬಿಟ್ಟು ಕದಲುತ್ತಿರಲಿಲ್ಲ. ಜೀವಂತ ದಬ್ ತಂದು ಮುಂದಿಟ್ಟರೆ ಸಹಿ ತಾನಾಗಿ ಬೀಳುತ್ತದೆಂದು ಭಟ್ಕಳದವನ ವಾದ.

ಶುಕ್ರವಾರ ಪಿಕಪ್ ಹತ್ತಿದೆವು. ಹಲ್ಲಿ ಕಂಡರೆ ಕುರ್ಚಿ ಏರುವ ನನ್ನನ್ನೂ ಬಿಡಲಿಲ್ಲ. ಸುಮಾರು ಅಲೆದ ಮೇಲೆ ಬಿಲ ಸಿಕ್ಕಿತು. ಕೈ ಹಾಕಿ ಎಳೆದರಾಯಿತು ಎಂದ ಭಟ್ಕಳದವ. ಹಾಗಾದರೆ ಹಾಕು ಎಂದೆ, ಹಾಕಲಿಲ್ಲ. ನೀರು ಹೊಯ್ದೆವು. ಪ್ರಾಣಿ ಬುಸ್ಸೆಂದು ಹೊರಬಂತು. ಅದು ಒಂದು ದಿಕ್ಕಿಗೆ ಓಡಿತು, ಬೇಟೆಗಾರರು ಮೂರು ದಿಕ್ಕಿಗೆ.

ಎರಡನೆಯ ಬಿಲದ ಹತ್ತಿರ ಡ್ರೈವರ್ ಸದ್ದಿಲ್ಲದೆ ಪಿಕಪ್ಪಿನಿಂದ ಬಲೆ ತಂದ. ಒಂದು ಮಡಿಕೆ ಮೊಣಕೈ ಮೇಲೆ, ಅಂಚು ಹಲ್ಲಿನಲ್ಲಿ ಕಚ್ಚಿ, ಅಳಿವೆಯಲ್ಲಿ ನಿಂತ ಹಾಗೆಯೇ ನಿಂತು, ನೀರು ಹೊಯ್ಯಲು ಕಣ್ಸನ್ನೆ ಮಾಡಿದ. ದಬ್ ತಲೆ ಹೊರಹಾಕಿ ಓಡಿತೋ ಇಲ್ಲವೋ, ಬಲೆ ದುಂಡಗೆ ಬಿಚ್ಚಿಕೊಂಡು ಅದರ ಮೇಲೆ ಬಿತ್ತು. ಎಂಥ ಚೆಂದದ ಬೀಸು! ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತು ಕಣ್ಣೊರೆಸಿಕೊಂಡ.

"ಇನ್ನೆಂತ ಮಾರಾಯ, ಮುಂದಿನ ಶುಕ್ರವಾರ ನಾನು ಊರಲ್ಲಿ" ಎಂದ.

ಕಫೀಲ್ ದಬ್ ನೋಡಿ ಹಿಗ್ಗಿದ. ಬಲೆ ನೋಡಿ ಅದಕ್ಕಿಂತ ಹಿಗ್ಗಿದ. ಅಂಗಳದ ಬೆಕ್ಕಿನ ಮೇಲೆ ಬೀಸಿ ತೋರಿಸಲು ಹೇಳಿದ, ನಕ್ಕು ನಕ್ಕು ಕೆಮ್ಮಿದ, ತಬ್ಬಿಕೊಂಡು ಏನು ಬೇಕಾದರೂ ಕೇಳು ಎಂದ. ಇವನು ರಜೆ ಕೇಳಿದ. ಧಾರಾಳವಾಗಿ ಹೋಗು ಎಂದ ಮುದುಕ, ದಬ್ಬಿನ ಕಾಲ ಮುಗಿದ ಮರುದಿನವೇ.

ಆಮೇಲೆ ಶುಕ್ರವಾರಗಳೆಲ್ಲ ಮರಳುಗಾಡಿನಲ್ಲಿ. ಕಫೀಲನ ಗೆಳೆಯರು ಜಮಖಾನೆ ಹಾಸಿ, ಗಾವಾ ಕಾಫಿ ಕುಡಿಯುತ್ತ, ಇಂಡಿಯಾದವನೊಬ್ಬ ಮರಳಿನಲ್ಲಿ ಮೀನುಬಲೆ ಬೀಸುವುದನ್ನು ನೋಡಿದರು. ನನಗಂತೂ ಉಪಾಯ ಹೇಳಿದ ಭಟ್ಕಳದವನ ಕತ್ತು ಹಿಸುಕುವಷ್ಟು ಸಿಟ್ಟು. ಊರಿನಿಂದ ಮಗಳ ಫೋಟೋ ಬಂದ ದಿನ ಡ್ರೈವರ್ ಬ್ಲೇಡು ಹಿಡಿದು ಕೂತು, ತಾನೇ ಹೆಣೆದ ಬಲೆಯನ್ನು ಕಣ್ಣು ಕಣ್ಣಾಗಿ ಕೊಯ್ದು ಹಾಕಿದ. ನಾವು ತಡೆಯಲಿಲ್ಲ. ಮುಳ್ಳಿನ ಪೊದೆಗೆ ಸಿಕ್ಕಿ ಹರಿಯಿತೆಂದು ಕಫೀಲನಿಗೆ ಹೇಳಿದ. ಮುದುಕ ಬಹಳ ನೊಂದುಕೊಂಡನಂತೆ. ಇನ್ನು ಸಹಿ ಹಾಕದೆ ಎಲ್ಲಿ ಹೋಗುತ್ತಾನೆ ಎಂದು ನಾವು ಆ ರಾತ್ರಿ ಬಿರಿಯಾನಿ ಮಾಡಿದೆವು.

ಮುಂದಿನ ಶುಕ್ರವಾರ ಬಾಗಿಲು ತಟ್ಟಿದ ಸದ್ದಾಯಿತು. ಆ ಮಂಡಿಯಲ್ಲಿ ಮೂರು ಮಹಡಿ ಹತ್ತಿ ಕಫೀಲ್ ಬಂದಿದ್ದ, ಏದುಸಿರು ಬಿಡುತ್ತ, ಕಂಕುಳಲ್ಲಿ ಕಟ್ಟು ಹಿಡಿದು. ಜಿದ್ದಾದ ಬೆಸ್ತರಿಂದ ಹೇಳಿ ತರಿಸಿದ ಹೊಸ ಬಲೆ, ಅಂಚಿಗೆ ಅಸಲಿ ಸೀಸದ ಗುಂಡು. ಬೇಸರ ಮಾಡಿಕೊಳ್ಳಬೇಡ ಮಗನೇ ಎಂದು ಇವನ ತಲೆ ಸವರಿದ.

ಇವನು ಎರಡೂ ಕೈ ಚಾಚಿ ಬಲೆ ತೆಗೆದುಕೊಂಡು ಶುಕ್ರನ್ ಎಂದು ಕೃತಜ್ಞತೆ ಹೇಳಿದ.