ಬಾಗಿಲಿನ ಲೆಕ್ಕದಲ್ಲಿ ಇಲ್ಲದ ಕಾಕು

ತಿಕೋಟಾದ ನಮ್ಮ ಒಣದ್ರಾಕ್ಷಿ ಗೋದಾಮಿಗೆ ಕೀಲಿಯಿಲ್ಲ. ಬಾಗಿಲ ಪಕ್ಕದ ಯಂತ್ರದ ಮೇಲೆ ಬೆರಳಿಟ್ಟರೆ ತೆರೆಯುತ್ತದೆ. ಯಾರ ಬೆರಳಿಗೆ ತೆರೆಯಬೇಕೆಂಬ ಪಟ್ಟಿ ಕ್ಲೌಡ್‌ನಲ್ಲಿದೆ. ವಿಜಯಪುರದ ಸೊಲ್ಲಾಪುರ ರಸ್ತೆಯ ಆಫೀಸಿನಲ್ಲಿ ಕುಳಿತು ನಾನು ಒಂದು ಹೆಸರು ಅಳಿಸಿದರೆ, ಅಲ್ಲಿನ ಬಾಗಿಲು ಆ ಕ್ಷಣವೇ ಅವರನ್ನು ಮರೆಯುತ್ತದೆ.

ವಾರಕ್ಕೆ ಮೂರು ದಿನ ಗೋದಾಮಿಗೂ ಹೋಗುತ್ತೇನೆ. ದ್ರಾಕ್ಷಿಯ ತೊಟ್ಟು ಬಿಡಿಸುವ ಹೆಂಗಸರ ಜೊತೆ ಊಟ. ಬಬಲೇಶ್ವರದಿಂದ ಜೀಪಿನಲ್ಲಿ ಬರುವ ಒಬ್ಬಾಕೆ ಕೇಳದೆಯೇ ನನ್ನ ಡಬ್ಬಿಗೆ ಶೇಂಗಾ ಚಟ್ನಿ ಹಾಕುತ್ತಿದ್ದಳು. ಎಲ್ಲರಂತೆ ನಾನೂ ಅವಳನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಪಟ್ಟಿಯಲ್ಲಿರುವ ಅವಳ ಹೆಸರು ಯಾವುದೆಂದು ಕೇಳಿರಲೇ ಇಲ್ಲ.

ಕಳೆದ ತಿಂಗಳ ಕೊನೆಗೆ ಮಾಲೀಕರು ಕೆಲಸ ಬಿಟ್ಟವರ ಹೆಸರು ತೆಗೆಯಲು ಹೇಳಿದರು. ಮೂರು ತಿಂಗಳಲ್ಲಿ ಒಮ್ಮೆಯೂ ಬಾಗಿಲು ತೆರೆಯದವರು ಒಂಬತ್ತು ಮಂದಿ ಸಿಕ್ಕರು. ಅಳಿಸಿದೆ, ಪಟ್ಟಿಯನ್ನು ಗೋದಾಮಿನ ಮೇಸ್ತ್ರಿಗೆ ಕಳಿಸಿದೆ, ಡೈರಿಯಲ್ಲಿ "ಒಂಬತ್ತು, ಮುಗಿಯಿತು" ಎಂದು ಬರೆದೆ.

ಮರುದಿನ ನಾನು ಗೋದಾಮಿಗೆ ಹೋದಾಗ ಕಾಕು ಬುತ್ತಿಗಂಟು ಹಿಡಿದು ಬಾಗಿಲ ಹೊರಗೆ ನಿಂತಿದ್ದಳು. ಹೆಸರಿಲ್ಲದವರಿಗೆ ಕೆಲಸವಿಲ್ಲ ಎಂದಿದ್ದ ಮೇಸ್ತ್ರಿ.

"ಏ ತಂಗಿ, ನಾ ಮೂರು ತಿಂಗಳಾತು ಬಂದಿಲ್ಲಂತಲ್ಲ? ಮತ್ತ ನಿನಗ ಚಟ್ನಿ ಹಾಕಿದಾಕಿ ಯಾರು, ನನ್ನ ದೆವ್ವೇನು?"

ಒಳಗಿದ್ದವರು ನಕ್ಕರು. ಅವಳು ನಗಲಿಲ್ಲ.

"ನೀವು ಬೆರಳು ಇಡ್ತಿದ್ದಿಲ್ಲೇನ್ರಿ ಕಾಕು?"

ಬಲಗೈ ಚಾಚಿದಳು. ತೊಟ್ಟು ಬಿಡಿಸಿ ಬಿಡಿಸಿ ಬೆರಳ ತುದಿಯ ಗೆರೆಗಳು ಸವೆದು ನುಣ್ಣಗಾಗಿದ್ದವು. "ಮೊದಲನೇ ದಿನ ಹೆಂಗೋ ಹಿಡೀತು. ಆಮ್ಯಾಲ ಒಲ್ಲೆ ಅಂತು. ಹೇಳಿದ್ರ ಬರಬ್ಯಾಡ ಅಂತೀರಂತ ಸುಮ್ನಿದ್ದೆ. ಇವರು ಬಾಗಲಾ ತೆಗದಾಗ ಹಿಂದಿಂದ ಬರ್ತಿದ್ದೆ."

ಮೇಸ್ತ್ರಿ ತನ್ನ ಮೊಬೈಲಿನಲ್ಲಿದ್ದ ಪಟ್ಟಿ ತೋರಿಸಿದ. "ಇದರಾಗ ಸೊನ್ನಿ ಐತ್ರಿ."

ನಾನು ಡೈರಿ ತೆಗೆದೆ. ಯಾರ ಡಬ್ಬಿಯಿಂದ ಏನು ತಿಂದೆ ಎಂಬುದನ್ನೂ ಬರೆಯುವ ಹುಚ್ಚು ನನ್ನದು. ನಿಂತಲ್ಲೇ ಎಣಿಸಿ ಹೇಳಿದೆ. ಮೂರು ತಿಂಗಳಲ್ಲಿ ನಾನು ಅಲ್ಲಿ ಉಂಡದ್ದು ಮೂವತ್ತಾರು ದಿನ, ಕಾಕುವಿನ ಚಟ್ನಿ ಮೂವತ್ತೊಂದು.

"ಉಳದ ಐದು ದಿನ?" ಮೇಸ್ತ್ರಿ ಕೇಳಿದ.

"ಪುಂಡಿಪಲ್ಯ. ಅದೂ ಅವರದೇ."

ಮೇಸ್ತ್ರಿಗೂ ನಗು ಬಂತು. ಮಾಲೀಕರಿಗೆ ಫೋನಿನಲ್ಲಿ ತಪ್ಪು ನನ್ನದೆಂದು ಹೇಳಿ, ಅಲ್ಲೇ ಅವಳ ಹೆಸರನ್ನು ಮತ್ತೆ ಸೇರಿಸಿದೆ. ಬೆರಳಿನ ಬದಲು ಒಂದು ಕಾರ್ಡು ಕೊಟ್ಟೆ. ಅದನ್ನು ಅವಳು ಎಲೆಯಡಿಕೆ ಸಂಚಿಯೊಳಗೆ ತುರುಕಿ, ಸಂಚಿಯನ್ನೇ ಯಂತ್ರಕ್ಕೆ ಒತ್ತಿದಳು. ಬಾಗಿಲು ತೆರೆಯಿತು.

ಆ ಮಧ್ಯಾಹ್ನವೂ ಅವಳು ನನ್ನನ್ನು ಬೈಯಲಿಲ್ಲ; ಚಟ್ನಿಯ ಡಬ್ಬಿ ಮುಂದಕ್ಕೆ ತಳ್ಳಿದಳು ಅಷ್ಟೇ. ಅವಳಿಗಾಗಿ ದಿನವೂ ಬಾಗಿಲು ಹಿಡಿದು ನಿಂತ ಹೆಂಗಸರಿಗೂ ನಾನು ಋಣಿ. ಅವರಿಲ್ಲದಿದ್ದರೆ ನನ್ನ ಕಟ್ಟುನಿಟ್ಟು ಅವಳನ್ನು ಎಂದೋ ಹೊರಗಿಟ್ಟಿರುತ್ತಿತ್ತು.

ಉಳಿದ ಎಂಟು ಮಂದಿಗೆ ಒಬ್ಬೊಬ್ಬರಿಗೇ ಫೋನ್ ಹಚ್ಚಿ ಕೇಳಿದೆ. ಅವರು ನಿಜಕ್ಕೂ ಬಿಟ್ಟವರೇ. ಜೋರಾಪುರ ಪೇಟೆಯ ಮನೆಗೆ ಬಂದು ಡೈರಿಯ "ಒಂಬತ್ತು" ಹೊಡೆದುಹಾಕಿ "ಎಂಟು" ಎಂದು ತಿದ್ದಿದೆ. ಅದರ ಕೆಳಗೆ ಬರೆದೆ: ಚಟ್ನಿ, ಮೂವತ್ತೆರಡು.